ಕೋಡುಬಳೆ, ಬೆಡ್‌ಶೀಟು ಮತ್ತು ಮುರಿದ ಸೊಂಟ

ಸುಶ್ರುತ ಸಂಹಿತೆ ಅಂದಕೂಡಲೇ ನಮಗೆಲ್ಲ ನೆನಪಾಗುವುದು ಮೂಗಿನ ಪ್ಲಾಸ್ಟಿಕ್ ಸರ್ಜರಿ. ಸ್ಕೂಲಿನ ಪಾಠದಿಂದ ಹಿಡಿದು ಫಾರ್ವರ್ಡ್ ಆಗಿ ಬರುವ ಮೆಸೇಜಿನವರೆಗೆ ಅದೇ ಕಥೆ. ಆದರೆ ಆ ಗ್ರಂಥದಲ್ಲಿ ಮೂಳೆ ಮುರಿತದ ಬಗ್ಗೆಯೂ ಸಾಕಷ್ಟು ವಿವರವಿದೆ. ಮುರಿದ ಮೂಳೆಯನ್ನು ಎಳೆದು ಕೂರಿಸುವುದು, ಮರದ ತೊಗಟೆ ಮತ್ತು ಬಿದಿರಿನ ದಬ್ಬೆ ಇಟ್ಟು ಕಟ್ಟುವುದು, ಸೊಂಟಕ್ಕೋ ಬೆನ್ನಿಗೋ ಪೆಟ್ಟಾದರೆ ಐದು ಗೂಟ ಹೊಡೆದ ಹಲಗೆಯ ಮೇಲೆ ರೋಗಿಯನ್ನು ಅಲುಗಾಡದಂತೆ ಕಟ್ಟಿ ಮಲಗಿಸುವುದು, ಎಲ್ಲ ಇದೆ. ಈ ಹಲಗೆಗೆ ಅಲ್ಲಿ 'ಕಪಾಟಶಯನ' ಅಂತ ಹೆಸರು.

ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ. ಸೊಂಟದ ಚಪ್ಪಟೆ ಮೂಳೆ ಒಡೆದು ಹೋಗಿದ್ದರೆ, ಅಲ್ಲಿನ ಕೀಲು ಕಳಚಿ ಜಾರಿದ್ದರೆ, ಮುಂಭಾಗ ಜಜ್ಜಿ ಹೋಗಿದ್ದರೆ, ಜಾಣನಾದ ವೈದ್ಯ ಅಂಥ ರೋಗಿಯ ಚಿಕಿತ್ಸೆಗೆ ಕೈ ಹಾಕಬಾರದು ಅನ್ನುತ್ತದೆ. ಅಂದರೆ ಹಲಗೆಗೆ ಕಟ್ಟಿದರೆ ಸರಿಹೋಗುವ ಸೊಂಟ ಬೇರೆ, ಕೈಬಿಡಬೇಕಾದ ಸೊಂಟ ಬೇರೆ ಎಂಬ ವಿಂಗಡಣೆ ಆಗಲೇ ಇತ್ತು. ಇವತ್ತಿನ ಡಾಕ್ಟರುಗಳು ಮೊದಲನೆಯದನ್ನು 'ಸ್ಟೇಬಲ್' ಅಂತಾರೆ, ಎರಡನೆಯದನ್ನು 'ಅನ್‌ಸ್ಟೇಬಲ್' ಅಂತಾರೆ. ಹೀಗೆ ಕೈಬಿಟ್ಟಿದ್ದ ಗಾಯವನ್ನು ಮನುಷ್ಯ ಕೈಗೆತ್ತಿಕೊಂಡಿದ್ದು ಹೇಗೆ ಎನ್ನುವ ಕಥೆ ನನಗೆ ಭಾರೀ ಕುತೂಹಲ ಹುಟ್ಟಿಸಿತು. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವನು. ಹಾಗಾಗಿ ನನಗೆ ಅರ್ಥವಾಗುವ ಭಾಷೆಯಲ್ಲೇ ಬರೀತೀನಿ.

ಮೊದಲು ಕೋಡುಬಳೆಯ ವಿಷಯ. ನಮ್ಮ ಶೇಷಾದ್ರಿಪುರಂನಲ್ಲೋ ಮಲ್ಲೇಶ್ವರದಲ್ಲೋ ಯಾವುದಾದರೂ ಕಾಂಡಿಮೆಂಟ್ಸ್ ಅಂಗಡಿಯಿಂದ ಒಳ್ಳೆ ಗರಿಗರಿ ಕೋಡುಬಳೆ ತಂದು, ಅದನ್ನು ಒಂದೇ ಒಂದು ಕಡೆ ಮುರಿಯಲು ನೋಡಿ. ಬಹಳ ಕಷ್ಟ! ಒಂದು ಕಡೆ ಮುರಿಯುತ್ತಿದ್ದಂತೆ ಎದುರುಗಡೆಯೂ ಲಟಕ್ಕನೆ ಮುರಿಯುತ್ತದೆ. ಗಟ್ಟಿಯಾದ ಉಂಗುರದ ಸ್ವಭಾವವೇ ಅದು. ನಮ್ಮ ಸೊಂಟವೂ ಇಂಥದ್ದೇ ಒಂದು ಬಳೆ. ಎಡಕ್ಕೊಂದು ಬಲಕ್ಕೊಂದು ದೊಡ್ಡ ಮೂಳೆ, ಹಿಂದೆ ಬೆನ್ನುಮೂಳೆಯ ಬುಡದಲ್ಲಿ ತ್ರಿಕೋನದಂಥ ಮೂಳೆ. ಮುಂದೆ ಎಡ ಬಲ ಮೂಳೆಗಳು ಸೇರುವ ಕಡೆ ಒಂದು ಮೆತ್ತನೆಯ ಜೋಡಣೆ. ಹಿಂದೆ ಎರಡು ಕೀಲುಗಳು, ಅವುಗಳನ್ನು ಬಿಗಿದಿರುವ, ದೇಹದಲ್ಲೇ ಅತಿ ಗಟ್ಟಿಯಾದವುಗಳಲ್ಲಿ ಸೇರುವ ಅಸ್ಥಿರಜ್ಜುಗಳು. ಮೈಯ ಮೇಲ್ಭಾಗದ ಭಾರವೆಲ್ಲ ಈ ಬಳೆಯ ಹಿಂಭಾಗದ ಮೂಲಕವೇ ಕಾಲಿಗೆ ಇಳಿಯುವುದು. ಹಿಂಭಾಗದ ಕಟ್ಟು ಉಳಿದಿದ್ದರೆ ಬಳೆ ನಿಲ್ಲುತ್ತದೆ. ಅದೂ ಹರಿದರೆ ಬಳೆ ಬಿಚ್ಚಿಕೊಳ್ಳುತ್ತದೆ.

ಮೂಳೆ ಮುರಿದರೆ ಇಷ್ಟೊಂದು ಭಯ ಯಾಕೆ? ಕೈ ಮುರಿದವನು ಸಾಯುವುದಿಲ್ಲವಲ್ಲ? ಇಲ್ಲಿ ಕೊಲ್ಲುವುದು ಮೂಳೆಯಲ್ಲ, ರಕ್ತ. ಸೊಂಟದ ಒಳಗೋಡೆಗೆ ಅಂಟಿಕೊಂಡೇ ರಕ್ತನಾಳಗಳ ದೊಡ್ಡ ಬಲೆಯಿದೆ. ಬಳೆ ಬಿಚ್ಚಿದಾಗ ಅವೂ ಹರಿಯುತ್ತವೆ. ಬಹುಪಾಲು ರಕ್ತ ಸೋರುವುದು ಅಭಿಧಮನಿಗಳಿಂದ ಮತ್ತು ಮುರಿದ ಮೂಳೆಯ ಮೈಯಿಂದ. ಕೆಲವರಲ್ಲಿ ಅಪಧಮನಿಯೇ ಹರಿದಿರುತ್ತದೆ. ಹೊಟ್ಟೆಯ ಹಿಂಭಾಗದ ಜಾಗದಲ್ಲಿ ಲೀಟರುಗಟ್ಟಲೆ ರಕ್ತ ತುಂಬಿಕೊಂಡರೂ ಹೊರಗೆ ಒಂದು ಹನಿ ಕಾಣದೇ ಇರಬಹುದು. ನಮ್ಮ ಮೈಯಲ್ಲಿರುವುದೇ ಸುಮಾರು ಐದು ಲೀಟರ್. ಬಳೆ ಬಿಚ್ಚಿಕೊಂಡಷ್ಟೂ ಒಳಗಿನ ಜಾಗ ದೊಡ್ಡದಾಗುತ್ತದೆ, ಜಾಗ ದೊಡ್ಡದಾದಷ್ಟೂ ರಕ್ತ ತಾನಾಗಿ ನಿಲ್ಲುವುದು ತಡವಾಗುತ್ತದೆ. ಜೊತೆಗೆ ಮೂತ್ರಕೋಶ, ಮೂತ್ರನಾಳ, ಗುದನಾಳ, ಕಾಲಿಗೆ ಹೋಗುವ ನರಗಳು ಎಲ್ಲ ಅಲ್ಲೇ ಅಕ್ಕಪಕ್ಕ.

ಬೆಂಗಳೂರಿನ ತುಂಬ 'ಪುತ್ತೂರು ಕಟ್ಟು' ಎಂಬ ಬೋರ್ಡುಗಳನ್ನು ನೋಡಿರುತ್ತೀರಿ. ಆಂಧ್ರದ ಪುತ್ತೂರಿನ ಹೆಸರಲ್ಲಿ ನಡೆಯುವ ನಾಟಿ ಮೂಳೆಕಟ್ಟು. ಗರಡಿ ಮನೆಯ ಪೈಲ್ವಾನರೂ ಉಳುಕು ತೆಗೆದು ಪಟ್ಟು ಹಾಕುತ್ತಿದ್ದರು. ಈ ನಾಟಿ ವಿದ್ಯೆಗಳೆಲ್ಲ ಹುಟ್ಟಿದ್ದು ಕೈಗೆ ಸಿಗುವ ಮೂಳೆಗಳಿಗೆ. ಬಿಚ್ಚಿಕೊಂಡ ಸೊಂಟ ಹಾಗಲ್ಲ. ಮೂಳೆ ಕೂರಿಸುವ ಮೊದಲೇ ಮನುಷ್ಯ ಹೋಗಿಬಿಟ್ಟಿರುತ್ತಾನೆ.

ಇನ್ನು ಇಂಗ್ಲಿಷ್ ವೈದ್ಯದ ಕಥೆ. ಬಹಳ ಕಾಲ ಅದರ ಕೈಯಲ್ಲೂ ಹೆಚ್ಚೇನೂ ಇರಲಿಲ್ಲ. ಫ್ರಾನ್ಸಿನ ಮಾಲ್ಗೇನ್ ಎಂಬ ಸರ್ಜನ್ 1847ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಳೆಯ ಮುಂದೂ ಹಿಂದೂ ಒಟ್ಟಿಗೆ ಮುರಿದು ಅರ್ಧ ಸೊಂಟವೇ ಮೇಲಕ್ಕೆ ಜಾರುವ ಗಾಯವನ್ನು ವಿವರಿಸಿದ. ಎಕ್ಸ್-ರೇ ಇನ್ನೂ ಹುಟ್ಟಿರದ ಕಾಲ ಅದು. ರಾಂಟ್ಗೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅದಾದ ಎರಡೇ ವರ್ಷಕ್ಕೆ, 1897ರಲ್ಲಿ, ನಮ್ಮ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ಅಡಿಗಲ್ಲು ಹಾಕಿದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನ. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್, ನಮ್ಮ ಬಡಾವಣೆಗೆ ಹೆಸರು ಕೊಟ್ಟವರೇ. ಮರುವರ್ಷ, 1901ರಲ್ಲಿ, ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಿಸಿದ. ಯಾರ ರಕ್ತ ಯಾರಿಗೆ ಹೊಂದುತ್ತದೆ ಎಂದೇ ತಿಳಿಯದ ಕಾಲದಲ್ಲಿ ಲೀಟರುಗಟ್ಟಲೆ ರಕ್ತ ಕಳೆದುಕೊಂಡವನನ್ನು ಉಳಿಸುವುದು ಹೇಗೆ? ಲಂಡನ್ನಿರಲಿ, ಪ್ಯಾರಿಸ್ಸಿರಲಿ, ಬೆಂಗಳೂರಿರಲಿ, ಸೊಂಟ ಬಿಚ್ಚಿಕೊಂಡವನಿಗೆ ಸಿಗುತ್ತಿದ್ದದ್ದು ಹಾಸಿಗೆ ಮಾತ್ರ.

ಆ ಹಾಸಿಗೆಯೂ ಸುಖದ್ದಲ್ಲ. ದಪ್ಪ ಕ್ಯಾನ್ವಾಸ್ ಬಟ್ಟೆಯ ತೊಟ್ಟಿಲಲ್ಲಿ ಸೊಂಟವನ್ನು ತೂಗುಹಾಕಿ, ಹಗ್ಗ ಮತ್ತು ರಾಟೆಗಳಿಂದ ಎರಡೂ ಪಕ್ಕ ಒತ್ತಿ ಹಿಡಿದು, ಕಾಲಿಗೆ ತೂಕ ಕಟ್ಟಿ ಎರಡು ಮೂರು ತಿಂಗಳು ಮಲಗಿಸುತ್ತಿದ್ದರು. ಬೆನ್ನಲ್ಲಿ ಹುಣ್ಣು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಭಯ, ನ್ಯುಮೋನಿಯಾ. ಅಲ್ಲಿಂದ ಎದ್ದವರ ಗತಿ ಏನಾಯಿತು ಅಂತ ಲೆಕ್ಕ ಇಟ್ಟವರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಹೋಲ್ಡ್ಸ್‌ವರ್ತ್ ಮುಖ್ಯ. 1948ರಲ್ಲಿ ಪ್ರಕಟವಾದ ಅವರ ಲೇಖನ ಹೇಳಿದ್ದು ಇಷ್ಟು: ಹಿಂಭಾಗದ ಮೂಳೆ ಮುರಿದವರು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ, ಹಿಂಭಾಗದ ಕೀಲೇ ಕಳಚಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನೋವಿನಿಂದಾಗಿ ಮತ್ತೆ ಭಾರದ ಕೆಲಸಕ್ಕೆ ಹೋಗಲಾರರು. ಮೂಳೆ ಕೂಡಿಕೊಳ್ಳುತ್ತದೆ, ಹರಿದ ಕಟ್ಟು ತಾನಾಗಿ ಕೂಡಿಕೊಳ್ಳುವುದಿಲ್ಲ. ತೊಟ್ಟಿಲು ಸಾಲದು ಎಂಬುದಕ್ಕೆ ಇದು ಸಾಕ್ಷಿಯಾಯಿತು.

ಮುಂದಿನ ಹೆಜ್ಜೆ ಕೆನಡಾದ ಟೊರಾಂಟೊದಲ್ಲಿ. ಜಾರ್ಜ್ ಪೆನ್ನಲ್ ಎಂಬ ಸರ್ಜನ್ ಬಹಳ ಸರಳವಾದ ಪ್ರಶ್ನೆ ಕೇಳಿದರು: ಏಟು ಯಾವ ದಿಕ್ಕಿನಿಂದ ಬಿತ್ತು? ಮುಂದಿನಿಂದ ಬಿದ್ದರೆ ಸೊಂಟ ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಬೈಕಿನಲ್ಲಿ ಹೋಗುವವನು ಎದುರಿನ ವಾಹನಕ್ಕೆ ಗುದ್ದಿದಾಗ ಪೆಟ್ರೋಲ್ ಟ್ಯಾಂಕಿಗೆ ಕಿಬ್ಬೊಟ್ಟೆಯ ಕೆಳಭಾಗ ಅಪ್ಪಳಿಸಿ ಆಗುವುದು ಇದೇ. ಪಕ್ಕದಿಂದ ಕಾರು ಗುದ್ದಿದರೆ ಸೊಂಟ ಒಳಕ್ಕೆ ಮಡಚಿಕೊಳ್ಳುತ್ತದೆ. ಎತ್ತರದಿಂದ ಬಿದ್ದರೆ ಅರ್ಧ ಸೊಂಟ ಮೇಲಕ್ಕೆ ಕಿತ್ತು ಬರುತ್ತದೆ. ಕಟ್ಟಡದ ಸಾರುವೆಯಿಂದ ಬೀಳುವ ಕೂಲಿಗಳ ಗಾಯ ಇದು. ದಿಕ್ಕು ಗೊತ್ತಾದರೆ ಏನು ಹರಿದಿದೆ ಅಂತ ಊಹಿಸಬಹುದು, ಎಷ್ಟು ರಕ್ತ ಹೋಗಬಹುದು ಅಂತಲೂ ಅಂದಾಜಿಸಬಹುದು. ಪೆನ್ನಲ್ ತೀರಿಕೊಂಡ ಮೇಲೆ ಅವರ ಜೊತೆಗಾರ ಮಾರ್ವಿನ್ ಟೈಲ್ ಮತ್ತಿತರರು 1980ರಲ್ಲಿ ಈ ವಿಂಗಡಣೆಯನ್ನು ಪ್ರಕಟಿಸಿದರು. ಆಮೇಲೆ ಟೈಲ್ ಅದನ್ನು ಎ, ಬಿ, ಸಿ ಎಂದು ಮೂರು ಮಾಡಿದರು. ಎ ಅಂದರೆ ಬಳೆ ಗಟ್ಟಿಯಾಗಿಯೇ ಇದೆ. ಬಿ ಅಂದರೆ ಬಾಗಿಲಿನ ಹಾಗೆ ತೆರೆದು ಮುಚ್ಚುತ್ತದೆ, ಆದರೆ ಮೇಲೆ ಕೆಳಗೆ ಜಾರುವುದಿಲ್ಲ. ಸಿ ಅಂದರೆ ಬಾಗಿಲು ತಿರುಗಣಿಯಿಂದಲೇ ಕಿತ್ತು ಬಂದಿದೆ. ಇದೇ ಕಾಲಕ್ಕೆ ಸಿ.ಟಿ. ಸ್ಕ್ಯಾನ್ ಬಂದದ್ದರಿಂದ, ಎಕ್ಸ್-ರೇಯಲ್ಲಿ ಕರುಳಿನ ನೆರಳಿನಲ್ಲಿ ಮುಚ್ಚಿಹೋಗುತ್ತಿದ್ದ ಹಿಂಭಾಗ ಸ್ಪಷ್ಟವಾಗಿ ಕಾಣತೊಡಗಿತು.

ನೋಡಲು ಬಂತು ಅಂದಮೇಲೆ ಜೋಡಿಸುವ ಆಸೆಯೂ ಬಂತು. 1975ರಲ್ಲಿ ಫಿನ್ಲೆಂಡಿನ ಸ್ಲಾಟಿಸ್ ಮತ್ತು ಕರಹಾರ್ಯು ಎಂಬಿಬ್ಬರು ಸೊಂಟದ ಮೂಳೆಗೆ ಹೊರಗಿನಿಂದ ಪಿನ್ನು ಚುಚ್ಚಿ, ಹೊಟ್ಟೆಯ ಮುಂದೆ ರಾಡುಗಳ ಚೌಕಟ್ಟು ಕಟ್ಟಿ ಬಳೆಯನ್ನು ಬಿಗಿಯುವ ವಿಧಾನ ಪ್ರಕಟಿಸಿದರು. ಇದರಿಂದ ಮುಂಭಾಗ ಮುಚ್ಚುತ್ತದೆ, ಆದರೆ ಹಿಂಭಾಗ ಪೂರ್ತಿ ಕಿತ್ತುಬಂದಿದ್ದರೆ ಸಾಲದು. ಅದಕ್ಕಾಗಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಗಾಂಜ್ 1991ರಲ್ಲಿ ಬಡಗಿಗಳ ಕ್ಲ್ಯಾಂಪಿನಂಥ ಸಲಕರಣೆಯೊಂದನ್ನು ಮುಂದಿಟ್ಟರು. ಎರಡೂ ಪಕ್ಕದಿಂದ ಹಿಂಭಾಗವನ್ನು ಅದುಮಿ ಹಿಡಿಯುವ 'ಸಿ' ಆಕಾರದ ಕ್ಲ್ಯಾಂಪು. ತೊಂಬತ್ತರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರೌಟ್ ಎಂಬ ಸರ್ಜನ್ ಮತ್ತು ಅವರ ತಂಡ, ಪಕ್ಕದಲ್ಲಿ ಸಣ್ಣ ಗಾಯ ಮಾಡಿ, ನಡುನಡುವೆ ಎಕ್ಸ್-ರೇ ಪರದೆ ನೋಡುತ್ತ, ಉದ್ದನೆಯ ಸ್ಕ್ರೂವನ್ನು ಸೊಂಟದ ಮೂಳೆಯಿಂದ ಹಿಂದಿನ ತ್ರಿಕೋನ ಮೂಳೆಯೊಳಗೆ ಕಳಿಸುವುದನ್ನು ಬಳಕೆಗೆ ತಂದರು. ಸ್ಕ್ರೂ ಹೋಗುವ ದಾರಿ ಬಹಳ ಇಕ್ಕಟ್ಟು. ಒಂದು ಕಡೆ ಒಂದು ನರ, ಇನ್ನೊಂದು ಕಡೆ ಇನ್ನೊಂದು. ಸ್ವಲ್ಪ ದಾರಿ ತಪ್ಪಿದರೆ ಪಾದ ಎತ್ತಲಾಗದೆ ಹೋಗಬಹುದು. ಮುಂಭಾಗಕ್ಕೆ ಕಿಬ್ಬೊಟ್ಟೆಯ ಕೆಳಗೆ ಅಡ್ಡ ಗಾಯ ಮಾಡಿ ಪ್ಲೇಟು, ಹಿಂಭಾಗಕ್ಕೆ ಈ ಸ್ಕ್ರೂ: ಇವತ್ತಿಗೂ ಬಹಳ ಕಡೆ ನಡೆಯುವುದು ಇದೇ ಜೋಡಿ.

ಇಲ್ಲಿಗೆ ಕಥೆ ಸುಖಾಂತ್ಯ ಆಗಬೇಕಿತ್ತು ಅಲ್ವಾ? ಆದರೆ ನಿಜವಾದ ಜಗಳ ಶುರುವಾಗಿದ್ದೇ ಈಗ. ಸೊಂಟ ಒಡೆಯುವಷ್ಟು ಜೋರಿನ ಏಟು ಸೊಂಟವೊಂದನ್ನೇ ಬಿಡುತ್ತದೆಯೇ? ಅಂಥವರಿಗೆ ತಲೆಗೂ ಎದೆಗೂ ಹೊಟ್ಟೆಗೂ ತೊಡೆಗೂ ಪೆಟ್ಟಾಗಿರುತ್ತದೆ. ಯಾವುದನ್ನು ಮೊದಲು ರಿಪೇರಿ ಮಾಡಬೇಕು, ಯಾವಾಗ ಮಾಡಬೇಕು?

ಎಂಬತ್ತರ ದಶಕದ ಉತ್ತರ, 'ಎಲ್ಲವನ್ನೂ ಈಗಲೇ' ಅಂತ. 1989ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಅಧ್ಯಯನ ತೊಡೆಮೂಳೆಯನ್ನು 24 ಗಂಟೆಯೊಳಗೆ ಜೋಡಿಸಿದರೆ ಶ್ವಾಸಕೋಶದ ತೊಂದರೆ ಕಡಿಮೆಯಾಗುತ್ತದೆ ಎಂದು ತೋರಿಸಿತು. ಎಲ್ಲರೂ ಅದನ್ನೇ ಹಿಡಿದರು. ಸ್ವಲ್ಪ ವರ್ಷದಲ್ಲೇ ಜರ್ಮನಿಯ ಹಾನೋವರ್‌ನಿಂದ ಬೇರೆ ಸುದ್ದಿ ಬಂತು. ಎದೆಗೂ ಪೆಟ್ಟಾಗಿರುವ, ರಕ್ತ ಬಸಿದು ತಣ್ಣಗಾಗಿರುವ ರೋಗಿಗೆ ಗಂಟೆಗಟ್ಟಲೆ ಆಪರೇಷನ್ ಮಾಡಿದರೆ ಆ ಆಪರೇಷನ್ನೇ ಎರಡನೇ ಏಟಾಗುತ್ತದೆ. ಮೂಳೆ ಚೆನ್ನಾಗಿ ಕೂತಿರುತ್ತದೆ, ರೋಗಿ ಐಸಿಯುನಲ್ಲಿ ಹೋಗಿಬಿಡುತ್ತಾನೆ. ಅಷ್ಟರಲ್ಲಿ 1993ರಲ್ಲಿ ಫಿಲಡೆಲ್ಫಿಯಾದ ಸರ್ಜನ್ನರು ನೌಕಾಪಡೆಯಿಂದ ಒಂದು ಮಾತನ್ನು ಎರವಲು ತಂದಿದ್ದರು: 'ಡ್ಯಾಮೇಜ್ ಕಂಟ್ರೋಲ್'. ಹಡಗಿಗೆ ಗುಂಡು ಬಿದ್ದರೆ ನಡುಸಮುದ್ರದಲ್ಲಿ ಅದನ್ನು ಪೂರ್ತಿ ರಿಪೇರಿ ಮಾಡುವುದಿಲ್ಲ. ತೂತು ಮುಚ್ಚಿ, ಬೆಂಕಿ ಆರಿಸಿ, ಹೇಗಾದರೂ ಬಂದರು ಮುಟ್ಟಿಸುತ್ತಾರೆ. 2000ದ ಹೊತ್ತಿಗೆ ಮೂಳೆ ಡಾಕ್ಟರುಗಳೂ ಈ ಮಾತನ್ನು ಒಪ್ಪಿಕೊಂಡರು.

ನನ್ನ ಹಾಗೆ ಸಾಫ್ಟ್‌ವೇರಿನಲ್ಲಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್ ಬಿದ್ದರೆ ಯಾರೂ ಕೋಡನ್ನು ಅಂದವಾಗಿ ತಿದ್ದುತ್ತ ಕೂರುವುದಿಲ್ಲ. ಏನಾದರೂ ಮಾಡಿ ಮೊದಲು ಮೇಲೆತ್ತು, ಬಗ್ ಯಾಕೆ ಬಂತು ಅಂತ ನಾಳೆ ನೋಡೋಣ. ವ್ಯತ್ಯಾಸ ಒಂದೇ. ನಮ್ಮಲ್ಲಿ ಬ್ಯಾಕಪ್ ಇರುತ್ತೆ.

ಈಗ ಒಳ್ಳೆಯ ಆಸ್ಪತ್ರೆಗಳಲ್ಲಿ ನಡೆಯುವ ಕ್ರಮ ನೋಡಿ. ಸೊಂಟಕ್ಕೆ ಪೆಟ್ಟಾಗಿದೆ ಎಂಬ ಅನುಮಾನ ಬಂದರೆ ಸಾಕು, ಎಕ್ಸ್-ರೇಗೆ ಕಾಯದೆ ಸೊಂಟದ ಸುತ್ತ ಅಗಲವಾದ ಪಟ್ಟಿ ಬಿಗಿಯುತ್ತಾರೆ. ಅದಿಲ್ಲದಿದ್ದರೆ ಒಂದು ಬೆಡ್‌ಶೀಟು. ಹೌದು, ಮಡಚಿದ ಮಾಮೂಲಿ ಬೆಡ್‌ಶೀಟು! ಕಟ್ಟುವ ಜಾಗ ಮುಖ್ಯ. ನಾವು ಪ್ಯಾಂಟಿಗೆ ಬೆಲ್ಟು ಹಾಕುವ ಜಾಗವಲ್ಲ. ಅದಕ್ಕಿಂತ ಕೆಳಗೆ, ತೊಡೆಯ ಮೇಲ್ತುದಿಯಲ್ಲಿ ಎರಡೂ ಪಕ್ಕ ಕೈಗೆ ಸಿಗುವ ಮೂಳೆಯ ಉಬ್ಬಿನ ಮಟ್ಟಕ್ಕೆ. ಅಲ್ಲಿ ಬಿಗಿದರೆ ತೆರೆದ ಪುಸ್ತಕ ಮುಚ್ಚುತ್ತದೆ, ಒಳಗಿನ ಜಾಗ ಕಿರಿದಾಗುತ್ತದೆ. ಸೊಂಟ ಅಲುಗುತ್ತದೋ ಇಲ್ಲವೋ ಅಂತ ಕೈಯಿಂದ ಒತ್ತಿ ನೋಡುವ ಹಳೆಯ ಪರೀಕ್ಷೆಯನ್ನು ಈಗ ಬೇಡ ಅನ್ನುತ್ತಾರೆ. ಕಟ್ಟಿಕೊಳ್ಳುತ್ತಿರುವ ಹೆಪ್ಪು ಅದರಿಂದ ಕಿತ್ತುಹೋಗಬಹುದು. ಮೂತ್ರದ್ವಾರದಲ್ಲಿ ರಕ್ತ ಕಂಡರೆ ಪೈಪು ತೂರಿಸುವ ಅವಸರ ಮಾಡುವುದಿಲ್ಲ. ರಕ್ತ ಕೊಡುತ್ತಾರೆ, ಮೈ ಬೆಚ್ಚಗಿಡುತ್ತಾರೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಅಗ್ಗದ ಇಂಜೆಕ್ಷನ್ನನ್ನು ಪೆಟ್ಟಾದ ಮೂರು ಗಂಟೆಯೊಳಗೆ ಕೊಡುತ್ತಾರೆ. 2010ರಲ್ಲಿ ಪ್ರಕಟವಾದ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ 'ಕ್ರ್ಯಾಶ್-2' ಅಧ್ಯಯನ ಅದರಿಂದ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿತು. ಆ ಅಧ್ಯಯನದಲ್ಲಿ ಅತಿ ಹೆಚ್ಚು ಗಾಯಾಳುಗಳು ಇದ್ದದ್ದು ಭಾರತದಿಂದ.

ಇಷ್ಟಾದರೂ ಬಿಪಿ ಏರದಿದ್ದರೆ ಎರಡು ದಾರಿ. ತೊಡೆಯ ಸಂದಿನ ನಾಳದಿಂದ ಸಣ್ಣ ಕೊಳವೆ ಕಳಿಸಿ ಸೋರುವ ಅಪಧಮನಿಯನ್ನು ಒಳಗಿನಿಂದಲೇ ಮುಚ್ಚುವುದು ಒಂದು. ಇದು 1972ರಷ್ಟು ಹಿಂದೆಯೇ ಪ್ರಕಟವಾದ ವಿದ್ಯೆ. ಕಿಬ್ಬೊಟ್ಟೆಯ ಕೆಳಗೆ ಗಾಯ ಮಾಡಿ, ಸೊಂಟದೊಳಗೆ ಬಟ್ಟೆಯ ಪ್ಯಾಡುಗಳನ್ನು ತುರುಕಿ, ಒಂದೆರಡು ದಿನ ಬಿಟ್ಟು ತೆಗೆಯುವುದು ಇನ್ನೊಂದು. ಮೊದಲನೆಯದಕ್ಕೆ ದುಬಾರಿ ಯಂತ್ರ ಮತ್ತು ಸರಿರಾತ್ರಿಯಲ್ಲೂ ಎದ್ದುಬರುವ ತಜ್ಞರು ಬೇಕು. ಎರಡನೆಯದಕ್ಕೆ ಒಬ್ಬ ಒಳ್ಳೆ ಸರ್ಜನ್ ಸಾಕು. ಪ್ಲೇಟು, ಸ್ಕ್ರೂಗಳ ಪೂರ್ತಿ ಆಪರೇಷನ್ ಬರುವುದು ದೇಹ ಸುಧಾರಿಸಿಕೊಂಡ ಮೇಲೆ, ಸಾಮಾನ್ಯವಾಗಿ ಐದನೇ ದಿನದ ನಂತರ. ನೂರೈವತ್ತು ವರ್ಷದಲ್ಲಿ ಕಲಿತ ದೊಡ್ಡ ಪಾಠ ಸ್ಕ್ರೂ ಹಾಕುವುದಲ್ಲ, ಯಾವುದು ಮೊದಲು ಯಾವುದು ಆಮೇಲೆ ಎನ್ನುವ ಕ್ರಮ.

ಬದುಕಿದರೆ ಸಾಕೇ? ಸೊಂಟ ವಕ್ರವಾಗಿ ಕೂಡಿಕೊಂಡರೆ ಒಂದು ಕಾಲು ಗಿಡ್ಡ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು, ಮೂಟೆ ಹೊರುವುದು, ಆಟೋ ಓಡಿಸುವುದು ಎಲ್ಲ ಕಷ್ಟ. ಮೂತ್ರ, ದಾಂಪತ್ಯ, ಹೆರಿಗೆಗೆ ಸಂಬಂಧಿಸಿದ ತೊಂದರೆಗಳೂ ಉಳಿಯಬಹುದು. ನಾಚಿಕೆಯಿಂದ ಯಾರೂ ಬಾಯಿಬಿಡುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು ದುಡಿಯುವ ನನ್ನಂಥವನಿಗಿಂತ ಕೂಲಿ ಮಾಡಿ ಉಣ್ಣುವವನಿಗೆ ಸರಿಯಾದ ಆಪರೇಷನ್ ಹೆಚ್ಚು ಅಗತ್ಯ. ಅದು ಸಿಗುವುದು ಕಷ್ಟವಾಗಿರುವುದೂ ಅವನಿಗೇ.

ಇಷ್ಟೆಲ್ಲ ವಿದ್ಯೆ ಬಂದಮೇಲೆ ಉಳಿದ ಪ್ರಶ್ನೆ, ಗಾಯಾಳು ರಸ್ತೆಯಿಂದ ಟೇಬಲ್‌ವರೆಗೆ ಬರುವುದು ಹೇಗೆ? ಇದರ ಇತಿಹಾಸ ನಮ್ಮಲ್ಲಿ ಬಹಳ ಈಚಿನದು. 'ಪೊಲೀಸ್ ಕೇಸು, ದೊಡ್ಡಾಸ್ಪತ್ರೆಗೆ ಕರ್ಕೊಂಡ್ ಹೋಗಿ' ಎಂಬ ಮಾತು ಎಷ್ಟೋ ಜೀವ ತೆಗೆದಿದೆ. ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ, ಕಾನೂನಿನ ಕಾಗದಪತ್ರ ಆಮೇಲೆ, ಜೀವ ಉಳಿಸುವುದು ಮೊದಲು ಎಂದು ತೀರ್ಪು ಕೊಟ್ಟಿತು. ಅದಾಗಿ ಹತ್ತೊಂಬತ್ತು ವರ್ಷಕ್ಕೆ, 2008ರ ರಾಜ್ಯೋತ್ಸವದ ದಿನ, ಕರ್ನಾಟಕದಲ್ಲಿ 108 ಆಂಬುಲೆನ್ಸಿನ 'ಆರೋಗ್ಯ ಕವಚ' ಶುರುವಾಯಿತು.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ತುಮಕೂರು ರಸ್ತೆಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಗುಬ್ಬಿ ಕಡೆಯ ಹರೀಶ್ ಎಂಬ ಯುವಕ ಊರಿನಲ್ಲಿ ವೋಟು ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ವಾಪಸಾಗುತ್ತಿದ್ದ. ಲಾರಿ ಹರಿದು ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ, ಕಣ್ಣುಗಳು ದಾನವಾದವು. ಆ ಗಾಯಕ್ಕೆ ಈ ಲೇಖನದಲ್ಲಿ ಹೇಳಿದ ಯಾವ ಚಿಕಿತ್ಸೆಯೂ ಸಾಲುತ್ತಿರಲಿಲ್ಲ. ಆದರೆ ಮರು ತಿಂಗಳೇ ಸರ್ಕಾರ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ಆರಂಭಿಸಿತು. ಕರ್ನಾಟಕದ ರಸ್ತೆಗಳಲ್ಲಿ ಅಪಘಾತವಾದ ಯಾರಿಗೇ ಆಗಲಿ, ಯಾವ ರಾಜ್ಯದವರೇ ಆಗಲಿ, ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುವ ಯೋಜನೆ. ಮೇಲೆ ಹೇಳಿದ ಕ್ರಮದಲ್ಲಿ ಪಟ್ಟಿ, ರಕ್ತ, ಇಂಜೆಕ್ಷನ್, ಚೌಕಟ್ಟು ಎಲ್ಲ ಬರುವುದು ಈ ಅವಧಿಯಲ್ಲೇ. ಪ್ಲೇಟು, ಸ್ಕ್ರೂ ಬರುವ ಹೊತ್ತಿಗೆ 48 ಗಂಟೆ ದಾಟಿರುತ್ತದೆ ಎನ್ನುವುದೂ ನಿಜ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಲ್ಲಿ ಇದು ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ಹಿಗ್ಗಿದೆ. ಈ ಗಾಯದ ಮಟ್ಟಿಗೆ ಎರಡು ದಿನಕ್ಕೂ ಏಳು ದಿನಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ನೆರವಿಗೆ ಬಂದವರನ್ನು ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆಸುವ ಭಯಕ್ಕೂ ಕಾನೂನು ಉತ್ತರ ಕೊಟ್ಟಿದೆ. ಇದಕ್ಕೆಂದೇ ಕರ್ನಾಟಕ 2016ರಲ್ಲಿ ಮಸೂದೆ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಿಂದ ದೇಶದ ಮೋಟಾರು ವಾಹನ ಕಾಯ್ದೆಗೂ ಇದು ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ.

2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಹೆಚ್ಚು ಕಡಿಮೆ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು. ಶೇಷಾದ್ರಿಪುರಂನಿಂದ ವಿಕ್ಟೋರಿಯಾ ನಾಲ್ಕೈದು ಕಿಲೋಮೀಟರ್. ಸರ್ಕಾರದ್ದೇ ಆದ ಸಂಜಯ್ ಗಾಂಧಿ ಆಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ ಇನ್ನೂ ಸ್ವಲ್ಪ ದೂರ, ಜಯನಗರದ ಕಡೆ. ಸಂಜೆ ಆರು ಗಂಟೆಗೆ ಆನಂದರಾವ್ ಸರ್ಕಲ್, ಮೆಜೆಸ್ಟಿಕ್ ದಾಟುವುದೆಂದರೆ ಏನು ಅಂತ ನಿಮಗೇ ಗೊತ್ತು. ಹಿಂದೆ ಆಂಬುಲೆನ್ಸ್ ಕೂಗಿದಾಗ ಒಳಗಿರುವವನ ಸೊಂಟದಲ್ಲಿ ರಕ್ತ ಸೋರುತ್ತಿರಬಹುದು ಎಂಬುದು ನೆನಪಿರಲಿ. ಸ್ವಲ್ಪ ಎಡಕ್ಕೆ ಸರಿಯೋಣ.

ಕಣ್ಣೆದುರೇ ಅಪಘಾತವಾದರೆ ಗಾಯಾಳುವನ್ನು ಎಬ್ಬಿಸಿ ಕೂರಿಸಲು, ನಡೆಸಲು ಹೋಗಬೇಡಿ. ಬಗ್ಗಿಸಿ ಆಟೋದಲ್ಲಿ ತುರುಕಬೇಡಿ. ಅಲುಗಾಡಿಸದೆ, ಬೆಚ್ಚಗೆ ಹೊದಿಸಿ, 108ಕ್ಕೋ 112ಕ್ಕೋ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಜೊತೆಯಲ್ಲಿರಿ. ಬಂದವರಿಗೆ ಏಟು ಯಾವ ದಿಕ್ಕಿನಿಂದ ಬಿತ್ತು ಅಂತ ಹೇಳಿ. ಪೆನ್ನಲ್ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರುವುದು ಅಲ್ಲಿ ನಿಂತು ನೋಡಿದ ನಿಮಗೆ ಮಾತ್ರ.

ಕೈಬಿಡಿ ಎಂದು ಸುಶ್ರುತ ಹೇಳಿದ್ದು ಕ್ರೌರ್ಯದಿಂದಲ್ಲ. ಆಗ ಯಾರ ಕೈಯಲ್ಲೂ ಏನೂ ಇರಲಿಲ್ಲ. ಇವತ್ತು ಹಾಗೆ ಹೇಳಿ ನಾವು ತಪ್ಪಿಸಿಕೊಳ್ಳುವಂತಿಲ್ಲ.